ಹನ್ನೆರಡು ವರ್ಷದ ಮಗನಿಗೆ ರೊಟ್ಟಿ ಕಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಸೇಡಂ ರೋಡ್ ಅಮ್ಮ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಮಗನಿಗೆ ಹನ್ನೆರಡು ವರ್ಷ, ಮಗಳಿಗೆ ಏಳು. ಹೋದ ತಿಂಗಳು ಜ್ವರ ಬಂದು ಮೂರು ದಿನ ಮಲಗಿಬಿಟ್ಟೆ. ಮನೆಯವರು ಕೆಲಸದ ಮೇಲೆ ರಾಯಚೂರಿಗೆ ಹೋಗಿದ್ದರು. ಅತ್ತೆಗೆ ಮೊಣಕಾಲು ನೋವು, ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಮೂರು ದಿನವೂ ಹೋಟೆಲಿನ ಇಡ್ಲಿಯೇ ಗತಿ. ಮೂರನೇ ದಿನ ರಾತ್ರಿ ಮಗ ಬಂದು ಹಾಸಿಗೆ ತುದಿಯಲ್ಲಿ ಕೂತು ಕೇಳಿದ, "ಅವ್ವಾ, ರೊಟ್ಟಿ ಮಾಡೋದು ಭಾಳ ತ್ರಾಸ್ ಅದ ಏನು?"

ಆವತ್ತಿನಿಂದ ಕಲಿಸು ಅಂತ ಬೆನ್ನು ಬಿದ್ದಿದ್ದಾನೆ. ಅತ್ತೆಗೆ ಇದು ಹಿಡಿಸುವುದಿಲ್ಲ. "ಗಂಡು ಹುಡುಗ ಹಂಚಿನ ಮುಂದ ನಿಲ್ಲೋದು ನಂಗ ನೋಡ್ಲಾಕ ಆಗಂಗಿಲ್ಲ, ನೀ ಇದ್ದೀಯಲ್ಲ" ಅನ್ನುತ್ತಾರೆ. ಅವರನ್ನೇ ದೂರಿ ಏನು ಪ್ರಯೋಜನ, ನಾನೂ ಬಿಡುವುದಿಲ್ಲ. ಅವನು ಹಿಟ್ಟಿಗೆ ಕೈ ಹಾಕುತ್ತಾನೆ, ಅರ್ಧ ನೆಲಕ್ಕೆ ಬೀಳುತ್ತದೆ. ಐದು ನಿಮಿಷ ನೋಡಿ "ಕೊಡು ಇಲ್ಲಿ" ಅಂತ ಕಿತ್ತುಕೊಳ್ಳುತ್ತೇನೆ. ಬೆಳಿಗ್ಗೆ ಎಂಟಕ್ಕೆ ಡಬ್ಬಿ ಕಟ್ಟಬೇಕಲ್ಲ, ತಾಳ್ಮೆ ಎಲ್ಲಿಂದ ತರಲಿ?

ಯಾವ ವಯಸ್ಸಿಗೆ ಒಲೆ ಮುಟ್ಟಲು ಬಿಟ್ಟಿರಿ? ಮೊದಲು ಏನು ಕಲಿಸಿದಿರಿ? ಮಕ್ಕಳಿಗೆ ರೊಟ್ಟಿ ಬಡಿಯುವುದು ಕಲಿಸಿದವರು ಯಾರಾದರೂ ಇದ್ದೀರಾ?

ಭಾಲ್ಕಿ ಅಕ್ಕ

ಅಕ್ಕಾವ್ರೇ, ರೊಟ್ಟಿಯಿಂದ ಶುರು ಮಾಡಬೇಡಿ. ಮದುವೆಯಾಗಿ ಬಂದಾಗ ನನಗೆ ಇಪ್ಪತ್ತೆರಡು, ನೆಟ್ಟಗೆ ರೊಟ್ಟಿ ಬರಲು ಒಂದು ವರ್ಷ ಹಿಡಿಯಿತು. ಮೊದಲ ದಿನವೇ ಚೂರುಚೂರಾದರೆ ಹುಡುಗ ಮತ್ತೆ ಆ ಕಡೆ ಸುಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಮಕ್ಕಳಿಬ್ಬರೂ ಮೊದಲು ಕಲಿತದ್ದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಬೆಂಕಿ ಬೇಕಾಗುವುದು ಹುರಿಯಲು ಮಾತ್ರ, ಅದನ್ನು ನೀವು ಮಾಡಿಕೊಡಿ. ತಣ್ಣಗಾದ ಮೇಲೆ ಸಿಪ್ಪೆ ಉಜ್ಜಿ, ಮೊರದಲ್ಲಿ ಹಾಕಿ ಊದುವುದು ಮಕ್ಕಳಿಗೆ ಆಟವೇ. (ಅಂಗಳದಲ್ಲಿ ಕೂರಿಸಿ. ಒಳಗೆ ಕೂರಿಸಿದರೆ ಎರಡು ದಿನ ಸಿಪ್ಪೆ ಗುಡಿಸಬೇಕಾಗುತ್ತದೆ.) ಆಮೇಲೆ ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರದ ಪುಡಿ ಮೊದಲು ಕುಟ್ಟಬೇಕು, ಶೇಂಗಾ ಕೊನೆಗೆ. ಶೇಂಗಾ ಮೊದಲೇ ಬಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಬೆಳ್ಳುಳ್ಳಿ ನಡುವೆ ತಪ್ಪಿಸಿಕೊಂಡು ಹಾಗೇ ಉಳಿಯುತ್ತದೆ. ಇದನ್ನು ಬೇಕಂತಲೇ ಮಗಳಿಗೆ ಹೇಳಲಿಲ್ಲ. ಮೊದಲ ಸಲ ಎಲ್ಲಾ ಒಟ್ಟಿಗೇ ಸುರಿದು ಕುಟ್ಟಿದಳು. ಊಟಕ್ಕೆ ಕೂತಾಗ ಅವರಪ್ಪನ ಬಾಯಿಗೆ ಇಡೀ ಬೆಳ್ಳುಳ್ಳಿ ಎಸಳು ಸಿಕ್ಕಿತು. ಅವರ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಮುಂದಿನ ವಾರ ಯಾರೂ ಹೇಳದೆ ಬೆಳ್ಳುಳ್ಳಿ ಮೊದಲು ಹಾಕಿದಳು.

ನಿಮ್ಮ ಏಳು ವರ್ಷದವಳಿಗೂ ಇದು ಆಗುತ್ತದೆ. ಖಾರದ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಲೆಕ್ಕದ ಮಾಸ್ತರ್, ಕಲಬುರಗಿ

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅಭಿಪ್ರಾಯ ಬೇರೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಕೊನೆ ಜಿಲ್ಲೆ ಯಾದಗಿರಿ. 2025ರಲ್ಲಿ ಕಲಬುರಗಿ. ಹುಡುಗ ಈಗ ಏಳನೇ ಕ್ಲಾಸು ಇರಬಹುದು, ಇನ್ನು ಮೂರೇ ವರ್ಷ. ಅಡುಗೆ ಯಾವಾಗ ಬೇಕಾದರೂ ಕಲಿಯಬಹುದು. ಬೀಜಗಣಿತ ಹಾಗಲ್ಲ.

ಗಂಜ್ ಕಾಕಾ

ಮಾಸ್ತರೇ, ನಿಮ್ಮ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?

ಲೆಕ್ಕದ ಮಾಸ್ತರ್, ಕಲಬುರಗಿ

ಮನೆಯವರು. ಅದಕ್ಕೂ ಇದಕ್ಕೂ ಏನು ಸಂಬಂಧ?

ಗಂಜ್ ಕಾಕಾ

ಏನಿಲ್ಲ, ಸುಮ್ನೆ ಕೇಳಿದೆ.

ಆಳಂದ ಹುಡುಗ, ಸದ್ಯ ಬೆಂಗಳೂರು

ಮಾಸ್ತರೇ, ನಿಮ್ಮ ಮಾತು ನಡೆದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಇದ್ದೇನೆ. ಪಿಯುಸಿಯಲ್ಲಿ ಒಳ್ಳೆ ನಂಬರು ಬಂತು, ಇಂಜಿನಿಯರಿಂಗ್ ಸೀಟು ಸಿಕ್ಕಿತು. ಅವ್ವ ಒಂದು ಡಬ್ಬಿ ತುಂಬಾ ಖಡಕ್ ರೊಟ್ಟಿ, ಎರಡು ಥರ ಹಿಂಡಿ ಕಟ್ಟಿ ಕಳಿಸಿದಳು. ಹದಿನೈದು ದಿನ ಸುಖ. ಆಮೇಲೆ ಪಿಜಿ ಊಟ. ಎರಡನೇ ವರ್ಷ ನಾಲ್ಕು ಜನ ಸೇರಿ ರೂಮು ಮಾಡಿದೆವು. ಮೊದಲ ದಿನ ಕುಕ್ಕರಿನಲ್ಲಿ ನಾಲ್ಕು ಗ್ಲಾಸ್ ಅಕ್ಕಿ ಇಟ್ಟೆವು, ನಾಲ್ವರಿದ್ದೇವಲ್ಲ ಅಂತ. ಓನರ್ ಆಂಟಿ ಮನೆಗೂ ಕೊಟ್ಟು, ಬೀದಿ ನಾಯಿಗೂ ಹಾಕಿ, ಇನ್ನೂ ಮಿಕ್ಕಿತು.

ಅವ್ವನಿಗೆ ಫೋನ್ ಮಾಡಿ ಕೇಳಿದರೆ ಒಂದೇ ಉತ್ತರ. "ಸ್ವಲ್ಪ ಹಾಕು, ನೋಡಿದರ ಗೊತ್ತಾಗ್ತದ." ಎಷ್ಟು ಸ್ವಲ್ಪ? "ಅದೇ, ಸ್ವಲ್ಪ." ನನಗೆ ನೋಡಿದರೆ ಗೊತ್ತಾಗುವುದಿಲ್ಲವಲ್ಲ! ದೀಪಾವಳಿಗೆ ಊರಿಗೆ ಹೋದಾಗ ಒಂದು ಉಪಾಯ ಮಾಡಿದೆ. ಅವಳು ಖಾರದ ಡಬ್ಬಿಗೆ ಕೈ ಹಾಕಿದಾಗೆಲ್ಲ ಕೈ ಕೆಳಗೆ ತಟ್ಟೆ ಹಿಡಿದೆ. ಬಿದ್ದದ್ದನ್ನು ಚಮಚೆಯಲ್ಲಿ ಅಳೆದು ನೋಟ್‌ಬುಕ್‌ನಲ್ಲಿ ಬರೆದೆ. ಅವಳ "ಸ್ವಲ್ಪ ಖಾರ" ಅಂದರೆ ಎರಡೂವರೆ ಚಮಚೆ. "ಸ್ವಲ್ಪ ಉಪ್ಪು" ಒಂದೂಕಾಲು. ಆದರೆ "ಒಂದು ಚೂರು ಬೆಲ್ಲ" ಮಾತ್ರ ಮೂರು ದಿನ ಮೂರು ಥರ ಬಂತು. ಯಾಕೆ ಅಂತ ಕೇಳಿದರೆ, "ಹುಣಸಿಹಣ್ಣು ದಿನಾ ಒಂದೇ ಥರ ಹುಳಿ ಇರ್ತದೇನು?" ಅಂದಳು. ಆವತ್ತು ನನಗೆ ನಿಜವಾಗಿ ಅರ್ಥವಾಯಿತು, ಬರೆದುಕೊಂಡರೆ ಸಾಲದು, ನಾಲಿಗೆಗೂ ಕಲಿಸಬೇಕು ಅಂತ. ಅದನ್ನು ಹನ್ನೆರಡರಲ್ಲಿ ಕಲಿಸಿದ್ದರೆ ಹತ್ತೊಂಬತ್ತರಲ್ಲಿ ನಾನು ತಟ್ಟೆ ಹಿಡಿದು ನಿಲ್ಲಬೇಕಾಗಿರಲಿಲ್ಲ.

ಟೀಚರ್, ಶಹಾಪುರ

ಎಲ್ಲರದೂ ಓದಿದೆ, ಖುಷಿಯಾಯಿತು. ಆದರೆ ಇನ್ನೊಂದು ಕಡೆಯೂ ಇದೆ, ಹೇಳದೆ ಇರಲಾಗಲಿಲ್ಲ.

ನಾನು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಒಂದು ಸೋಮವಾರ ಸುಮ್ನೆ ಕೇಳಿದೆ, ಇವತ್ತು ಬೆಳಿಗ್ಗೆ ಮನೆಯಲ್ಲಿ ಒಲೆ ಹಚ್ಚಿದವರು ಯಾರು ಅಂತ. ಒಂಬತ್ತು ಕೈ ಮೇಲೆದ್ದವು. ಒಂಬತ್ತೂ ಹುಡುಗಿಯರವು. ಒಬ್ಬಳ ಅಪ್ಪ ಅವ್ವ ಪುಣೆಗೆ ಗುಳೆ ಹೋಗಿದ್ದಾರೆ, ಇವಳು ಅಜ್ಜಿ ಜೊತೆ ಇದ್ದಾಳೆ, ಕೆಳಗೆ ಇಬ್ಬರು ತಮ್ಮಂದಿರು. ಅವಳಿಗೆ ಕಟ್ಟಿಗೆ ಒಲೆ ಹಚ್ಚುವುದು ಬರುತ್ತದೆ, ಬೇಳೆ ಬೇಯಿಸುವುದು ಬರುತ್ತದೆ, ರೊಟ್ಟಿಯೂ ಬರುತ್ತದೆ. ಯಾರೂ ಕಲಿಸಿದ್ದಲ್ಲ, ತಲೆ ಮೇಲೆ ಬಿದ್ದದ್ದು. ಆವತ್ತು ಅವಳು ಮಗ್ಗಿ ಹೇಳುವಾಗ ತೂಕಡಿಸುತ್ತಿದ್ದಳು. ಯಾಕೆ ಅಂತ ನಾನು ಎಷ್ಟೋ ದಿನ ಕೇಳಿಯೇ ಇರಲಿಲ್ಲ.

2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಈ ಕಡೆಯ ಜಿಲ್ಲೆಗಳಲ್ಲೇ. ಮಧ್ಯಾಹ್ನದ ಆ ಬಿಸಿಯೂಟ ಇಂಥ ಮಕ್ಕಳಿಗೆ ಹೊಟ್ಟೆ ತುಂಬುವುದಷ್ಟೇ ಅಲ್ಲ. ದಿನದಲ್ಲಿ ಒಂದು ಹೊತ್ತು ಬೇರೆಯವರು ಮಾಡಿ ಬಡಿಸಿದ ಊಟ ಅದು.

ಸೇಡಂ ರೋಡ್ ಅಕ್ಕಾವ್ರೇ, ನಿಮ್ಮ ಮಗನಿಗೆ ಖಂಡಿತ ಕಲಿಸಿ. ಆದರೆ ಮಗಳು ದೊಡ್ಡವಳಾದಾಗ ಅವಳಿಗೆ ಅದು "ಕೆಲಸ", ಇವನಿಗೆ "ಹವ್ಯಾಸ" ಆಗದ ಹಾಗೆ ನೋಡಿಕೊಳ್ಳಿ. ನಮ್ಮಲ್ಲಿ ಹುಡುಗ ಒಂದು ಚಹಾ ಮಾಡಿದರೆ ಓಣಿಗೆಲ್ಲ ಗೊತ್ತಾಗುತ್ತದೆ, ಅಲ್ವಾ?

ಸೇಡಂ ರೋಡ್ ಅಮ್ಮ, ಕಲಬುರಗಿ

ಟೀಚರಮ್ಮಾ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಜ. ಮಗಳಿಗೆ ನಾನು ಈಗಲೇ "ತಟ್ಟೆ ತೆಗಿ" ಅನ್ನುತ್ತೇನೆ, ಮಗನಿಗೆ ಅನ್ನುವುದಿಲ್ಲ. ಬರೆಯುವಾಗ ಹೊಳೆಯಿತು.

ಸಿಲಿಂಡರ್ ಅಣ್ಣ, ಚಿತ್ತಾಪುರ

ಒಲೆ ವಯಸ್ಸಿನ ಬಗ್ಗೆ ಕೇಳಿದ್ದೀರಿ. ಗ್ಯಾಸ್ ಕೆಲಸದಲ್ಲಿ ಇರುವವನು, ನಾಲ್ಕು ಮಾತು ಹೇಳುತ್ತೇನೆ. ವಯಸ್ಸು ಎಷ್ಟು ಅಂತ ನೋಡುವುದಕ್ಕಿಂತ ಎತ್ತರ ನೋಡಿ. ಒಲೆ ಮೇಲಿನ ಪಾತ್ರೆಯ ಒಳಗೆ ಏನಿದೆ ಅಂತ ಮಗು ನೆಲದ ಮೇಲೆ ನಿಂತೇ ನೋಡುವಂತಿರಬೇಕು, ಕೈ ಮೇಲೆ ಚಾಚಿ ಕಲಕುವಂತಿರಬಾರದು. ಎತ್ತರ ಸಾಲದಿದ್ದರೆ ಅಲುಗಾಡುವ ಸ್ಟೂಲ್ ಮೇಲೆ ಹತ್ತಿಸಬೇಡಿ. ಇನ್ನೊಂದು ವರ್ಷ ಕಾಯಿರಿ, ಏನೂ ಕಳೆದುಹೋಗುವುದಿಲ್ಲ.

ಮನೆ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಅದು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿಕೊಳ್ಳುತ್ತದೆ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದ್ದು ಗೊತ್ತಾಗಲಿ ಅಂತ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಮಗುವಿಗೆ ಇದನ್ನು ಕಥೆ ಹೇಳಿದ ಹಾಗೆ ಹೇಳಿ, ನೆನಪಿಟ್ಟುಕೊಳ್ಳುತ್ತದೆ. ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಬಾರದು, ಆರಿಸಲೂ ಬಾರದು, ಫ್ಯಾನೂ ಅಷ್ಟೇ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ರೆಗ್ಯುಲೇಟರ್ ತಿರುಗಿಸುವುದು ಮೊದಲ ಪಾಠ, ಒಲೆ ಹಚ್ಚುವುದು ಎರಡನೆಯದು. ಎಷ್ಟೋ ಮನೆಯಲ್ಲಿ ದೊಡ್ಡವರಿಗೇ ಗೊತ್ತಿರುವುದಿಲ್ಲ.

ಪೈಪ್ ನೋಡಿ. ಆ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೂ ಐದು ವರ್ಷ ಆಯಸ್ಸು. ಅದರ ಮೇಲೆ ಬಟ್ಟೆ ಒಣಹಾಕಿದ ಮನೆಗಳನ್ನೂ ನೋಡಿದ್ದೇನೆ.

ಲೈಟರ್ ಮೊದಲು, ನಾಬ್ ಆಮೇಲೆ. ಪಾತ್ರೆಯ ಹಿಡಿಕೆ ಗೋಡೆ ಕಡೆಗೆ. ಜೋಲುವ ಓಢಣಿ, ನೈಲಾನ್ ಅಂಗಿ ಬೇಡ.

ಹುಮನಾಬಾದ್ ಸೊಸೆ

ಇದಕ್ಕೆ ಇನ್ನೊಂದು ಸೇರಿಸಿ, ಸುಟ್ಟರೆ ಏನು ಮಾಡಬೇಕು ಅನ್ನುವುದು. ನಮ್ಮ ಮನೆಯಲ್ಲಿ ಆಗಿದೆ. ಮಗಳು ಕುಕ್ಕರಿನ ಸೀಟಿ ಎತ್ತಲು ಹೋಗಿ ಮಣಿಕಟ್ಟಿಗೆ ಹಬೆ ಬಡಿಯಿತು. ಒಬ್ಬರು ಅರಿಶಿನ ಅಂದರು, ಒಬ್ಬರು ಟೂತ್‌ಪೇಸ್ಟ್ ಅಂದರು, ನಾನು ಗಾಬರಿಯಲ್ಲಿ ಎರಡೂ ಹಚ್ಚಿದೆ. ಡಾಕ್ಟರು ಅದನ್ನೆಲ್ಲ ಕೆರೆದು ತೆಗೆಯುವಾಗ ಮಗು ಅತ್ತದ್ದು ಸುಟ್ಟಾಗ ಅತ್ತದ್ದಕ್ಕಿಂತ ಜಾಸ್ತಿ. ಬಳೆ, ದಾರ ತೆಗೆದು, ನಲ್ಲಿ ಕೆಳಗೆ ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು. ಅದಕ್ಕೆ ಏನೂ ಹಚ್ಚಬಾರದು, ಐಸ್ ಕೂಡ ಇಡಬಾರದು. ಬೊಬ್ಬೆ ದೊಡ್ಡದಾದರೆ ಡಾಕ್ಟರ್ ಹತ್ತಿರ ಹೋಗಬೇಕು. ಇಪ್ಪತ್ತು ನಿಮಿಷ ಬಹಳ ಉದ್ದ ಅನಿಸುತ್ತದೆ. ಗಡಿಯಾರ ನೋಡಿಕೊಂಡೇ ಹಿಡಿಯಿರಿ.

ಬೀದರ್ ಅಮ್ಮಿ

ನನಗೆ ಮೂರು ಗಂಡು ಮಕ್ಕಳು, ಹೆಣ್ಣು ಮಕ್ಕಳಿಲ್ಲ. ಅದಕ್ಕೇ ಯಾರಿಗೆ ಕಲಿಸಲಿ ಅನ್ನುವ ಪ್ರಶ್ನೆಯೇ ಬರಲಿಲ್ಲ. ರಂಜಾನ್ ತಿಂಗಳಲ್ಲಿ ಇಫ್ತಾರಿನ ಹಣ್ಣು ಹೆಚ್ಚುವುದು, ಶರಬತ್ತು ಕಲಸುವುದು ಚಿಕ್ಕವನ ಕೆಲಸ. ಕಲ್ಲಂಗಡಿ ನಾನೇ ಹೋಳು ಮಾಡಿ ಕೊಡುತ್ತೇನೆ, ಬಾಳೆಹಣ್ಣು ಪಪ್ಪಾಯ ಅವನು ಹೆಚ್ಚುತ್ತಾನೆ. ಭಜಿ ಕರಿಯುವುದು ಮಾತ್ರ ಇನ್ನೂ ಯಾರಿಗೂ ಕೊಟ್ಟಿಲ್ಲ. ಕಾದ ಎಣ್ಣೆಯನ್ನು ನಾನು ನಂಬುವುದಿಲ್ಲ.

ದೊಡ್ಡವನಿಗೆ ಹದಿನಾಲ್ಕರಲ್ಲಿ ಬಗಾರ ಅನ್ನ ಕಲಿಸಿದೆ. ನಾನು ಮಾಡಿದ ಒಂದೇ ಒಳ್ಳೆ ಕೆಲಸ ಏನೆಂದರೆ, ಅವನು ಮಾಡುವಾಗ ನಾನು ಅಡುಗೆಮನೆಯ ಹೊರಗೆ ಕುರ್ಚಿ ಹಾಕಿ ಕೂತದ್ದು. ಕಣ್ಣಿಗೆ ಕಾಣಬೇಕು, ಕೈಗೆ ಎಟುಕಬಾರದು. ಈರುಳ್ಳಿ ಕೆಂಪಗಾಗುತ್ತಿದೆ, ಮೂಗಿಗೆ ಗೊತ್ತಾಗುತ್ತಿದೆ, ಇನ್ನೊಂದು ನಿಮಿಷ ಬಿಟ್ಟರೆ ಕರಕಲು. ನಾಲಿಗೆ ಕಚ್ಚಿಕೊಂಡು ಕೂತೆ. ಕರಕಲಾಯಿತು. ಅನ್ನ ಕಹಿ. ಅವನ ತಂದೆ ದಾಲ್ಚಾ ಜಾಸ್ತಿ ಸುರಿದುಕೊಂಡು ತಿಂದರು, ಏನೂ ಅನ್ನಲಿಲ್ಲ. ಅವನೇ ಕೇಳಿದ, "ಅಮ್ಮಿ, ಈರುಳ್ಳಿ ಕೆಂಪಾದ ಮ್ಯಾಲ ಬೆಂಕಿ ಆರಿಸಬೇಕೇನು?" ಹೌದು, ಇಲ್ಲದಿದ್ದರೆ ಎಣ್ಣೆಯ ಕಾವಿಗೇ ಅದು ಇನ್ನೂ ಸುಡುತ್ತದೆ, ಇಲ್ಲವೇ ತಕ್ಷಣ ನೀರು ಹಾಕು ಅಂದೆ. ಆ ಮಾತು ಅವನು ಕೇಳಿ ಪಡೆದದ್ದು, ಅದಕ್ಕೇ ಉಳಿಯಿತು.

ಬಾಬಾ ಕಟ್ಟಿಕೊಟ್ಟ ನಿಯಮ ಒಂದಿದೆ ನಮ್ಮಲ್ಲಿ. ಯಾರು ಮಾಡುತ್ತಾರೋ ಅವರೇ ತರಬೇಕು, ಅವರೇ ತೊಳೆಯಬೇಕು. ಸಾಮಾನು ತಂದುಕೊಟ್ಟು, ಹೆಚ್ಚಿಕೊಟ್ಟು, ಪಾತ್ರೆ ನಾವೇ ತೊಳೆದರೆ ಹುಡುಗ ಕಲಿತದ್ದು ಏನು, ಸೌಟು ತಿರುಗಿಸುವುದಾ?

ಚಿಂಚೋಳಿ ಅಪ್ಪ

ಕೊನೆಯ ಮಾತಿಗೆ ಕೈ ಮುಗಿದೆ. ಹೋದ ವರ್ಷ ಮಗಳ ಶಾಲೆಯಲ್ಲಿ (ಹೆಸರು ಬೇಡ) ಬೆಂಕಿ ಇಲ್ಲದ ಅಡುಗೆ ಸ್ಪರ್ಧೆ. ಹೋಗಿ ನೋಡಿದರೆ ಕ್ಯಾರೆಟ್ಟಿನಲ್ಲಿ ನವಿಲು, ಸೌತೆಕಾಯಿಯಲ್ಲಿ ಮೊಸಳೆ. ಎಲ್ಲಾ ಅಮ್ಮಂದಿರು ರಾತ್ರಿ ಕೂತು ಕೆತ್ತಿದ್ದು. ನನ್ನ ಮಗಳು ತಾನೇ ಕಲಸಿದ ಚುರುಮುರಿ ಇಟ್ಟಿದ್ದಳು, ಈರುಳ್ಳಿ ಸ್ವಲ್ಪ ದಪ್ಪ ಇತ್ತು. ಯಾರೂ ರುಚಿ ನೋಡಲೇ ಇಲ್ಲ. ನವಿಲಿಗೆ ಬಹುಮಾನ ಬಂತು. ಮನೆಗೆ ತಂದು ನಾವೇ ತಿಂದೆವು, ಚುರುಮುರಿ ಅಷ್ಟೊತ್ತಿಗೆ ಮೆತ್ತಗಾಗಿತ್ತು.

ಆ ಮೆತ್ತಗಾದದ್ದರಿಂದಲೇ ಮುಂದಿನದು ಹೊಳೆಯಿತು ನೋಡಿ. ಸುಸಲಾ ಕಲಿಸಿದೆ. ಚುರುಮುರಿ ನೀರಲ್ಲಿ ನೆನೆಸಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಹಿಟ್ಟು, ನಿಂಬೆಹಣ್ಣು. ಒಲೆ ಮುಂದೆ ನಿಲ್ಲುವುದು ಏಳೆಂಟು ನಿಮಿಷ ಅಷ್ಟೇ. ಮೊದಲ ಒಗ್ಗರಣೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಸಾಸಿವೆ ಸಿಡಿಯುವಾಗ ಹಿಂದೆ ಸರಿಯಬೇಕು, ಮೆಣಸಿನಕಾಯಿಗೆ ನೀರಿನ ಪಸೆ ಇರಬಾರದು. ಎರಡೇ ಪಾಠ.

ಗಂಜ್ ಕಾಕಾ

ಬೇಳೆ ಬಗ್ಗೆ ಯಾರೂ ಮಾತಾಡಲಿಲ್ಲ. ಕಲಬುರಗಿಯಲ್ಲಿ ಕೂತು ಬೇಳೆ ಬಿಟ್ಟರೆ ಹೇಗೆ? ಗಂಜಿನಲ್ಲಿ ತೊಗರಿ ನೋಡುತ್ತಲೇ ಕೂದಲು ಬೆಳ್ಳಗಾದವನು ನಾನು.

2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕಿತು. ಆದರೆ ಟ್ಯಾಗ್ ಇದ್ದ ಮಾತ್ರಕ್ಕೆ ಬೇಳೆ ತಾನಾಗೇ ಬೇಯುವುದಿಲ್ಲ. "ನಾಲ್ಕು ಸೀಟಿ ಆಯ್ತು, ಬೆಂದೇ ಇಲ್ಲ" ಅಂತ ಹೊಸದಾಗಿ ಕಲಿತವರು ಅಂಗಡಿಗೆ ಬಂದು ಜಗಳ ಮಾಡುತ್ತಾರೆ. ಮೂರು ಕಾರಣ ಇರಬಹುದು. ಬೇಳೆ ಹಳೆಯದಾಗಿರಬಹುದು. ನೀರು ಬೋರ್‌ವೆಲ್‌ದು ಆಗಿರಬಹುದು, ಗಡಸು ನೀರಲ್ಲಿ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಇಲ್ಲವೇ ಹುಣಸೆಹುಳಿ, ಟೊಮೆಟೊ ಮೊದಲೇ ಹಾಕಿರಬಹುದು. ಹುಳಿ ಬಿದ್ದ ಮೇಲೆ ಬೇಳೆ ಬಿಗಿಯುತ್ತದೆ. ಮೊದಲು ಬೇಳೆ ಬೇಯಲಿ, ಹುಳಿ ಆಮೇಲೆ.

ಅರ್ಧ ಗಂಟೆ ನೆನೆಸಿ. ಒಂದು ಗ್ಲಾಸ್ ಬೇಳೆಗೆ ಎರಡೂವರೆ ಗ್ಲಾಸ್ ನೀರು, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ. ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬಾರದು, ಬೇಳೆಯ ನೊರೆ ಉಕ್ಕಿ ಸೀಟಿಯ ತೂತು ಕಟ್ಟಿಕೊಳ್ಳುತ್ತದೆ. ಮುಚ್ಚಳ ಹಾಕುವ ಮುಂಚೆ ಆ ತೂತನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಕ್ಕಳಿಗೆ ಮಾಡಿಸಿ. ಆಮೇಲೆ ಹಬೆ ತಾನಾಗೇ ಇಳಿಯುವ ತನಕ ಮುಟ್ಟಬಾರದು.

ನಮಗೆ ಚಿಕ್ಕವರಿದ್ದಾಗ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಎಳ್ಳಮಾವಾಸ್ಯೆ ಹಿಂದಿನ ದಿನ ಮನೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಮುಂದೆ ಹಸಿ ತೊಗರಿಕಾಯಿ, ಅವರೆ, ಬಟಾಣಿ ರಾಶಿ ಸುರಿಯುತ್ತಿದ್ದರು. ಭಜ್ಜಿಗೆ ಕಾಳು ಬಿಡಿಸಬೇಕು. ಗಂಡು ಹೆಣ್ಣು ಭೇದ ಇರಲಿಲ್ಲ, ಬೆರಳಿದ್ದವರೆಲ್ಲ ಬಿಡಿಸಬೇಕು. ಹುಳುಕು ಯಾವುದು, ಎಳೆಯದು ಯಾವುದು, ಬಲಿತದ್ದು ಯಾವುದು ಅಂತ ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಹೇಳುತ್ತಿದ್ದೆವು. ಅರ್ಧ ಕಾಳು ಹೊಟ್ಟೆಗೆ ಹೋಗುತ್ತಿತ್ತು ಅನ್ನುವುದು ಬೇರೆ ಮಾತು. ಮರುದಿನ ಹೊಲಕ್ಕೆ ಬುತ್ತಿ ಹೊತ್ತು ಹೋಗಿ, ಚರಗ ಚೆಲ್ಲಿ ಊಟಕ್ಕೆ ಕೂತಾಗ, ಭಜ್ಜಿಯಲ್ಲಿ ಯಾವ ಕಾಳು ಸಿಕ್ಕಿದರೂ "ಇದು ನಾ ಬಿಡಿಸಿದ್ದು" ಅನ್ನುವುದೇ ಒಂದು ಜಂಬ.

ಜೇವರ್ಗಿ ಕಾಲೊನಿ, ನಿವೃತ್ತ

ನಾನು ಚಹಾ ಮಾಡಲು ಕಲಿತದ್ದು 58ನೇ ವಯಸ್ಸಿನಲ್ಲಿ. ಮನೆಯಾಕೆಯನ್ನು ಸೊಲ್ಲಾಪುರಕ್ಕೆ ಆಪರೇಷನ್‌ಗೆ ಕರೆದುಕೊಂಡು ಹೋದಾಗ ರೂಮಿನಲ್ಲಿ ನಾವಿಬ್ಬರೇ. ಹೈದರಾಬಾದಿನಲ್ಲಿರುವ ಮಗಳು ಫೋನಿನಲ್ಲಿ ಹೇಳಿಕೊಟ್ಟಳು, ಹಾಲು ಯಾವಾಗ ಹಾಕಬೇಕು ಅಂತ. ಮನೆಯಾಕೆ ಒಂದು ಗುಟುಕು ಕುಡಿದು, "ಸಕ್ರಿ ಮರತೀರಿ" ಅಂದಳು. ಹುಡುಗನಿಗೆ ಈಗಲೇ ಕಲಿಸಿ ತಾಯಿ.

ರೊಟ್ಟಿ ಅಕ್ಕ, ಸೂಪರ್ ಮಾರ್ಕೆಟ್ ಕಡೆ

ನಾನು ಹೇಳುತ್ತೇನೆ, ಮಗ ಟೈಪ್ ಮಾಡುತ್ತಾನೆ. ನನ್ನದು ರೊಟ್ಟಿ ಮಾರುವ ಕೆಲಸ. ದಿನಾ ಇನ್ನೂರು ಮುನ್ನೂರು ಬಡಿಯುತ್ತೇನೆ. ಎಲ್ಲರೂ ಹುಡುಗನಿಗೆ ರೊಟ್ಟಿ ಬೇಡ ಅಂದಿರಿ. ಅವನು ಕೇಳಿದ್ದು ರೊಟ್ಟಿ. ಕೇಳಿದ್ದನ್ನು ಕೊಡಿ.

ರೊಟ್ಟಿ ಒಡೆಯುವುದು ಕೈಯಿಂದಲ್ಲ, ಹಿಟ್ಟಿನಿಂದ. ಹಿಟ್ಟು ಬೀಸಿಸಿ ಎಂಟು ಹತ್ತು ದಿನ ದಾಟಿದರೆ ಜಿಗಿ ಹೋಗುತ್ತದೆ. ನನ್ನ ಕೈಗೇ ಬಿರಿಯುತ್ತದೆ, ಹುಡುಗನ ಕೈಗೆ ಬಿರಿಯದೆ ಇರುತ್ತದಾ? ಕಲಿಯುವವನಿಗೆ ಹೊಸ ಹಿಟ್ಟು ಕೊಡಿ. ನಾವು ಮಾತ್ರ ಡಬ್ಬದ ತಳದ ಹಳೆ ಹಿಟ್ಟು ಕೊಟ್ಟು "ಇದರಾಗ ಕಲಿ, ಹಾಳಾದರೂ ನಡೀತದ" ಅನ್ನುತ್ತೇವೆ.

ನೀರು ಕಳಕಳ ಕುದಿಯಬೇಕು, ಚಿಟಿಕೆ ಉಪ್ಪು. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದು ಚಮಚೆಯಿಂದ ಕಲಸಿ ಮುಚ್ಚಿಡಿ. ಈ ಸುರಿಯುವ ಕೆಲಸ ಅಮ್ಮನದು, ಉಳಿದದ್ದು ಅವನದು. (ಮಗ ಹೇಳುತ್ತಾನೆ: ಗೋಧಿಯಲ್ಲಿರುವ ಗ್ಲೂಟೆನ್ ಅನ್ನುವ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅದೇ ಅಂಟಿನ ಕೆಲಸ ಮಾಡುತ್ತದೆ. ಅದಕ್ಕೇ ತಣ್ಣೀರಿನಲ್ಲಿ ಕಲಸಿದರೆ ಜೋಳದ ರೊಟ್ಟಿ ನಿಲ್ಲುವುದಿಲ್ಲ.) ಕೈಗೆ ಬಿಸಿ ತಾಳುವಷ್ಟಾದ ಮೇಲೆ ನಾದಬೇಕು. ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತಿ. ಒಂದು ಉಂಡೆಗೆ ನೂರು ಎಣಿಸಲು ಹೇಳಿ. ಮಕ್ಕಳಿಗೆ ಎಣಿಕೆ ಇದ್ದರೆ ಬೇಜಾರಾಗುವುದಿಲ್ಲ. ಉಂಡೆಯನ್ನು ಬೆರಳಿಂದ ಒತ್ತಿದಾಗ ಅಂಚು ಬಿರಿಯದಿದ್ದರೆ ಸಾಕು.

ಮೊದಲ ತಿಂಗಳು ಅಂಗೈಯಗಲ ರೊಟ್ಟಿ. ನಮ್ಮ ತಟ್ಟೆಯಗಲದ ರೊಟ್ಟಿ ನೋಡಿ ಅಷ್ಟೇ ದೊಡ್ಡದು ಮಾಡಲು ಹೋಗಿ ಹುಡುಗರು ಸೋಲುತ್ತಾರೆ. ಕೆಳಗೆ ಒಣ ಹಿಟ್ಟು ಉದುರಿಸಿ ಬಡಿಯಬೇಕು, ಪ್ರತಿ ಪೆಟ್ಟಿಗೂ ರೊಟ್ಟಿ ತಾನೇ ಸ್ವಲ್ಪ ತಿರುಗಬೇಕು. ತಿರುಗದಿದ್ದರೆ ಕೆಳಗೆ ಹಿಡಿದಿದೆ ಅಂತ. ಹಂಚಿಗೆ ಹಾಕುವಾಗ ಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರಬೇಕು. ಅದರ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ. ನೀರು ಆರುತ್ತಿದ್ದ ಹಾಗೆ ತಿರುವಿ. ಆರುವ ಮುಂಚೆ ತಿರುವಿದರೆ ಹಂಚಿಗೆ ಅಂಟುತ್ತದೆ, ಪೂರ್ತಿ ಆರಿದ ಮೇಲೆ ತಿರುವಿದರೆ ಬಿರಿಯುತ್ತದೆ. ಆ ಹೊತ್ತು ಮಾತ್ರ ಬಾಯಲ್ಲಿ ಹೇಳಲು ಬರುವುದಿಲ್ಲ. ಇಪ್ಪತ್ತು ರೊಟ್ಟಿ ಕೆಡಿಸಿದರೆ ಬರುತ್ತದೆ. ಕೆಟ್ಟದ್ದನ್ನು ಎಸೆಯಬೇಡಿ. ಮುರಿದು ಒಗ್ಗರಣೆ ಹಾಕಿ, ಇಲ್ಲ ಮಜ್ಜಿಗೆಯಲ್ಲಿ ನೆನೆಸಿ.

ಟೈಪ್ ಮಾಡುತ್ತಿರುವವನಿಗೂ ಬರುತ್ತದೆ. ದೀಪಾವಳಿ ಆರ್ಡರ್ ಇದ್ದಾಗ ಅವನು ನಾದುತ್ತಾನೆ, ನಾನು ಬಡಿಯುತ್ತೇನೆ. ಇದನ್ನು ಬರೆಯಬೇಡ ಅಂದರೂ ಬರೆಯುತ್ತಿದ್ದಾನೆ.

ಭಾಲ್ಕಿ ಅಕ್ಕ

ಅಕ್ಕಾವ್ರೇ, ನನ್ನ ಮಾತು ವಾಪಸ್ ತಗೊಂಡೆ. ನನಗೂ ಮೊದಲ ವರ್ಷ ಹಳೆ ಹಿಟ್ಟೇ ಕೊಟ್ಟಿದ್ದರು ಅಂತ ಈಗ ಅನುಮಾನ ಬರುತ್ತಿದೆ!

ಹುಮನಾಬಾದ್ ಸೊಸೆ

ಇನ್ನೊಂದು ಮಾತು. ಬೇಸಿಗೆ ರಜೆಯಲ್ಲಿ ಕಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಅದು ಬೇರೆ ಊರಿನವರಿಗೆ ಸರಿ. ಕಲಬುರಗಿಯಲ್ಲಿ ಮೇ ತಿಂಗಳು ಹೊರಗೇ 42 ಡಿಗ್ರಿ, ಒಲೆ ಹಚ್ಚಿದಾಗ ಫ್ಯಾನ್ ಹಾಕುವ ಹಾಗಿಲ್ಲ. ಮಗುವನ್ನು ಹಂಚಿನ ಮುಂದೆ ನಿಲ್ಲಿಸಿದರೆ ಅಡುಗೆ ಅಂದರೇ ದ್ವೇಷ ಬರುತ್ತದೆ. ಆ ಎರಡು ತಿಂಗಳು ಮೊಸರು, ಮಜ್ಜಿಗೆ, ಪಚಡಿ ಕಲಿಸಿ. ಮೊಸರು ಹೆಪ್ಪು ಹಾಕಿ ಗಂಟೆಗೊಮ್ಮೆ ಇಣುಕಲಿ. ಬೇಸಿಗೆಯಲ್ಲಿ ನಾಲ್ಕೈದು ಗಂಟೆಯಲ್ಲಿ ಗಟ್ಟಿಯಾಗುವುದು, ಮರೆತರೆ ಹುಳಿಯಾಗುವುದು ಅವರೇ ನೋಡುತ್ತಾರೆ. ಚಳಿಗಾಲದಲ್ಲಿ ಅದೇ ಮೊಸರಿಗೆ ಇಡೀ ರಾತ್ರಿ ಬೇಕು.

ಸೇಡಂ ರೋಡ್ ಅಮ್ಮ, ಕಲಬುರಗಿ

ಮೂರು ವಾರ ಆಯಿತು, ಸುದ್ದಿ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಅಂತ ಮಾಡಿದೆವು, ಡಬ್ಬಿಯ ಅವಸರ ಇಲ್ಲ. ಮಗನೇ ಗಿರಣಿಗೆ ಹೋಗಿ ಎರಡು ಕೆಜಿ ಜೋಳ ಬೀಸಿಸಿಕೊಂಡು ಬಂದ. ಮುಖ ತುಂಬಾ ಹಿಟ್ಟು. ಬೀದರ್ ಅಮ್ಮಿ ಹೇಳಿದ ಹಾಗೆ ನಾನು ಕುರ್ಚಿ ಹೊರಗೆ ಹಾಕಿದೆ. ಎಸರು ಸುರಿದುಕೊಟ್ಟು ಬಂದು ಕೂತೆ. ಕೂರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಎರಡು ಸಲ ಎದ್ದು ನಿಂತೆ, ಮಗಳು ನನ್ನ ಸೆರಗು ಹಿಡಿದು ಕೂರಿಸಿದಳು.

ಮೊದಲನೆಯದು ಎತ್ತುವಾಗಲೇ ಎರಡಾಯಿತು. ಎರಡನೆಯದು ಹಂಚಿಗೆ ಅಂಟಿತು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಅತ್ತೆ ಕೋಲು ಊರಿಕೊಂಡು ಒಳಗೆ ಹೋದರು. ಈಗ ಬೈಗುಳ ಅಂತ ನಾನು ಕಾದೆ. ಅವರು ಸ್ವಲ್ಪ ಹೊತ್ತು ನೋಡಿ, "ಅಷ್ಟ್ ಜೋರ ಯಾಕ ಹೊಡಿತಿಯೋ, ಅದೇನ್ ನಿನ್ನ ವೈರಿಯೇನು?" ಅಂದರು. ಅವನ ಕೈ ಮೇಲೆ ತಮ್ಮ ಕೈ ಇಟ್ಟು ನಾಲ್ಕು ಪೆಟ್ಟು ಬಡಿಸಿದರು. ಆಮೇಲೆ ಗೋಡೆಗೆ ಒರಗಿ ಅಲ್ಲೇ ನಿಂತರು, ಮೊಣಕಾಲು ನೋವು ಅನ್ನಲೇ ಇಲ್ಲ. ಐದನೆಯದು ಉಬ್ಬಿತು. ಪೂರ್ತಿ ಅಲ್ಲ, ಒಂದು ಮಗ್ಗುಲು. ಅದನ್ನು ಅತ್ತೆಯೇ ತಿಂದರು, ಮಗಳು ಕುಟ್ಟಿದ ಹಿಂಡಿ ಜೊತೆ. ರುಚಿ ಹೇಗಿತ್ತು ಅಂತ ಅವನು ಕೇಳಿದ್ದಕ್ಕೆ "ಉಪ್ಪು ಕಡಿಮಿ" ಅಂದರು.

ಅತ್ತೆಯ ಮನಸ್ಸು ಬದಲಾಯಿತು ಅಂತ ನಾನು ಹೇಳುವುದಿಲ್ಲ. ನಿನ್ನೆ ಪಕ್ಕದ ಮನೆಯವರು ಬಂದಾಗ ಅವನು ಹಿಟ್ಟು ನಾದುತ್ತಿದ್ದ. ಇವರು ಸುಮ್ಮನೆ ಅಡುಗೆಮನೆ ಬಾಗಿಲು ಮುಂದಕ್ಕೆ ಎಳೆದರು.

ಟೀಚರಮ್ಮಾ, ಈಗ ತಟ್ಟೆ ತೆಗೆಯುವುದು ಸರದಿ ಪ್ರಕಾರ. ಮನೆಯವರಿಗೂ ಬುಧವಾರ ಬಂದಿದೆ.

ಲೆಕ್ಕದ ಮಾಸ್ತರ್, ಕಲಬುರಗಿ

ಓದುತ್ತಾ ಇದ್ದೇನೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಗಂಜ್ ಕಾಕಾ ಅವರ ಒಂದು ಗ್ಲಾಸ್ ಬೇಳೆಗೆ ಎರಡೂವರೆ ಗ್ಲಾಸ್ ನೀರು ಅನ್ನುವುದನ್ನು ಮನೆಯಲ್ಲಿ ಒಂದೂವರೆ ಗ್ಲಾಸಿಗೆ ಲೆಕ್ಕ ಹಾಕು ಅಂತ ಮಗನಿಗೆ ಕೊಟ್ಟೆ. ನಾಲ್ಕು ಅಂದ. ಮೂರೂಮುಕ್ಕಾಲು. ಭಿನ್ನರಾಶಿ ಬಂದಿಲ್ಲ ಅಂತ ಗೊತ್ತಾಯಿತು.

ಗಂಜ್ ಕಾಕಾ

ಬೇಳೆ ಬೆಂತಾ ಮಾಸ್ತರೇ?

ಲೆಕ್ಕದ ಮಾಸ್ತರ್, ಕಲಬುರಗಿ

ಬೆಂತು. ಆಮೇಲೆ ಒಗ್ಗರಣೆ ಹಾಕುವಾಗ ಫೋನ್ ಬಂತು, ಇಬ್ಬರೂ ಹೊರಗೆ ಹೋದೆವು. ಈಗ ಪಾತ್ರೆಯ ತಳ ಪೂರ್ತಿ ಕರ್ರಗಾಗಿದೆ. ಮನೆಯವರು ತವರಿನಿಂದ ಸಂಜೆ ಬರುತ್ತಾರೆ. ಅಷ್ಟರೊಳಗೆ ಹೋಗುವ ಉಪಾಯ ಇದ್ದರೆ ಯಾರಾದರೂ ಹೇಳಿ.

ಭಾಲ್ಕಿ ಅಕ್ಕ

ಸ್ಟೀಲಾ, ಅಲ್ಯೂಮಿನಿಯಮ್ಮಾ?

ಲೆಕ್ಕದ ಮಾಸ್ತರ್, ಕಲಬುರಗಿ

ಸ್ಟೀಲ್.

ಭಾಲ್ಕಿ ಅಕ್ಕ

ಹಾಗಾದರೆ ಸರಿ. ಕರಕಲು ಮುಳುಗುವಷ್ಟು ನೀರು, ಎರಡು ಚಮಚೆ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ. ತಣ್ಣಗಾಗಲು ಬಿಡಿ, ಮರದ ಸೌಟಿನಿಂದ ಕೆರೆಯಿರಿ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಡಾ ಹಾಕಬೇಡಿ, ಇನ್ನೂ ಕಪ್ಪಾಗುತ್ತದೆ.

ಬೀದರ್ ಅಮ್ಮಿ

ಮತ್ತೆ ಮಾಸ್ತರೇ, ಮಗನ ಕೈಯಲ್ಲಿ ತೊಳೆಸಬೇಡಿ. ಫೋನ್ ನಿಮ್ಮದಲ್ವಾ?